ಆಯ್ತು, ಸಣ್ಣಮ್ಮ

ಜನವರಿ 9

ಪ್ರೀತಿಯ ಅತ್ತೆಗೆ,

ನಮಸ್ಕಾರ. ನೀವು ಮಗಳ ಮನೆಗೆ ಸುಖವಾಗಿ ತಲುಪಿದ್ದು, ಅವಳಿಗಳಿಬ್ಬರೂ ಒಟ್ಟಿಗೇ ನಿಮ್ಮ ಮಡಿಲು ಒದ್ದೆ ಮಾಡಿದ್ದು ಎಲ್ಲವನ್ನೂ ನಾದಿನಿ ಹೇಳಿದಳು. ಫೋನಿನಲ್ಲಿ ನಾವಿಬ್ಬರೂ “ಆರಾಮಾ?”, “ಆರಾಮ” ಎಂದು ಇಟ್ಟುಬಿಡುತ್ತೇವೆ, ಅದಕ್ಕೇ ಕಾಗದ ಬರಿ ಎಂದಿದ್ದಿರಲ್ಲ, ಇಗೋ ಕೂತಿದ್ದೇನೆ.

ಲಾಂಡ್ರಿ ನೀವು ಬಿಟ್ಟುಹೋದ ಹಾಗೇ ನಡೆಯುತ್ತಿದೆ. ಶನಿವಾರ ನನ್ನ ಮೊದಲ ಮೀಟಿಂಗ್ ಆಯಿತು. ನೀವು ಮಡಿಸುವ ಮೇಜಿನ ಸುತ್ತ ಎಲ್ಲರನ್ನೂ ನಿಲ್ಲಿಸಿಕೊಂಡು ಮಾತಾಡುತ್ತಿದ್ದಿರಿ. ಪಾಪ, ದಿನವಿಡೀ ನಿಂತು ದುಡಿಯುವ ಜನ, ಮೀಟಿಂಗಿನಲ್ಲಾದರೂ ಕೂರಲಿ ಎಂದು ಮೇಲಿನ ಆಫೀಸ್ ರೂಮಿಗೆ ಕುರ್ಚಿ ತರಿಸಿದೆ. ಚಹಾ, ಬಿಸ್ಕತ್ತು ಇಟ್ಟೆ. ಏನೇನು ಮಾತಾಡಬೇಕೆಂದು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ. ಅತ್ತೆ, ನಂಬುತ್ತೀರೋ ಇಲ್ಲವೋ, ನಾನು ಹೇಳಿದ್ದಕ್ಕೆಲ್ಲ ಎಲ್ಲರೂ ಒಪ್ಪಿದರು! ಬಾಯ್ಲರ್ ಅಣ್ಣ “ಆಯ್ತು ಸಣ್ಣಮ್ಮ” ಎಂದ. ಇಸ್ತ್ರಿ ಅಕ್ಕ “ಆಯ್ತು ಸಣ್ಣಮ್ಮ” ಎಂದಳು. ವ್ಯಾನ್ ಓಡಿಸುವ ನಮ್ಮ ‘ಗಾಳಿ’, ಅವನ ಬಾಯಿ ನಿಮಗೆ ಗೊತ್ತೇ ಇದೆಯಲ್ಲ, ಅವನೂ “ಆಯ್ತು ಸಣ್ಣಮ್ಮ” ಎಂದು ಬಿಸ್ಕತ್ತು ತಿಂದ. ಚಹಾ ಆರುವ ಮೊದಲೇ ಮೀಟಿಂಗ್ ಮುಗಿದಿತ್ತು. ನಿಮ್ಮ ಮಗ ಮಕ್ಕಳ ಪರೀಕ್ಷೆ ಪೇಪರು ತಿದ್ದುತ್ತಾ ಕೂತಿದ್ದರು. ಹೇಳಿದರೆ, “ಅಷ್ಟು ಬೇಗ ಮುಗೀತಾ?” ಎಂದು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ನಾನು ಬೀಗಿಕೊಂಡು ಒಳಗೆ ಹೋದೆ.

ಅಲ್ಲಿ ನಿಮಗೆ ಎರಡೂವರೆ ಚಮಚ ಸಕ್ಕರೆ ಹಾಕಿ ಚಹಾ ಮಾಡಿಕೊಡುವವರು ಯಾರು? ಅದೊಂದೇ ನನ್ನ ಚಿಂತೆ.

ನಿಮ್ಮ ಸೊಸೆ


ಜನವರಿ 17

ನನ್ನ ಬಂಗಾರದಂಥ ಸೊಸೆಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ಹೊಟ್ಟೆ ತಣ್ಣಗಾಯಿತು ಕಣೇ. ನಾನು ಹೇಳಿದ್ದೆನಲ್ಲ, ಅವರೆಲ್ಲ ಚಿನ್ನದಂಥ ಜನ ಎಂದು? ಯಾರೂ ನಿನಗೆ ಎದುರಾಡಲಿಲ್ಲ ತಾನೇ? ಮುಖ ಊದಿಸಿಕೊಳ್ಳಲಿಲ್ಲ ತಾನೇ? ಇಸ್ತ್ರಿ ಅಕ್ಕನೂ? ಬಹಳ ಒಳ್ಳೆಯದಾಯಿತು.

ಇಲ್ಲಿಯ ಮೀಟಿಂಗಿನ ಕಥೆ ಬೇರೆ. ಅವಳಿಗಳಲ್ಲಿ ಒಬ್ಬಳು ಶುರುಮಾಡಿದರೆ ಇನ್ನೊಬ್ಬ ಸುಮ್ಮನಿರುವುದಿಲ್ಲ, ಇಬ್ಬರೂ ಒಟ್ಟಿಗೇ ಕಿರುಚುತ್ತಾರೆ, ಇವರಮ್ಮ ಮಧ್ಯೆ ಕೂತು ತಾನೂ ಅಳುತ್ತಾಳೆ. ನಾನು ಒಬ್ಬೊಬ್ಬರನ್ನು ಒಂದೊಂದು ಹೆಗಲಿಗೆ ಹಾಕಿಕೊಂಡು ಓಡಾಡುತ್ತೇನೆ. ಒಗೆಯುವ ಬಟ್ಟೆಯ ರಾಶಿ ನೋಡಿದರೆ ಲಾಂಡ್ರಿ ಬಿಟ್ಟು ಬಂದದ್ದೇ ಸುಳ್ಳು ಅನ್ನಿಸುತ್ತದೆ. ಅಳಿಯಂದಿರಿಗೆ ಅಂಗಿ ಮಡಿಸಲು ಬರುವುದಿಲ್ಲ. ಹೇಳಿಕೊಡುತ್ತಿದ್ದೇನೆ.

ಚಹಾದ ಚಿಂತೆ ನಿನಗೆ ಬೇಡ. ಮಗಳು ಸಕ್ಕರೆ ಡಬ್ಬಿಯನ್ನು ಹೊರಗೇ ತೆಗೆಯುವುದಿಲ್ಲ. ನನ್ನ ಪಾಡಿಗೆ ನಾನು ಕುಡಿಯುತ್ತೇನೆ.

ನಿನ್ನ ಅತ್ತೆ


ಫೆಬ್ರವರಿ 4

ಪ್ರೀತಿಯ ಅತ್ತೆಗೆ,

ಒಂದು ವಿಷಯ ಕೇಳಬೇಕು. ನಗಬೇಡಿ. ಮೀಟಿಂಗಿನಲ್ಲಿ ಜನ ಬಾಯಿ ಬಿಡಬೇಕಾದರೆ ನೀವು ಏನು ಮಾಡುತ್ತಿದ್ದಿರಿ?

ನಾಲ್ಕು ಶನಿವಾರ ಕಳೆಯಿತು. ನಾನು ಕೇಳುತ್ತೇನೆ, ಅವರು “ಆಯ್ತು ಸಣ್ಣಮ್ಮ” ಎನ್ನುತ್ತಾರೆ. “ನಿಮಗೆ ಏನನ್ನಿಸುತ್ತದೆ?” ಎಂದು ಕೇಳಿದರೆ ಬಾಯ್ಲರ್ ಅಣ್ಣ ಫ್ಯಾನ್ ನೋಡುತ್ತಾನೆ. ಇಸ್ತ್ರಿ ಅಕ್ಕ ಸೆರಗಿನ ತುದಿಯನ್ನು ನಾಲ್ಕು ಮಡಿಕೆ ಮಾಡಿ ಬಿಚ್ಚುತ್ತಾಳೆ. ಗೋಡೆಗೆ ಮಾತಾಡಿದರೂ ಸ್ವಲ್ಪ ದನಿಯಾದರೂ ವಾಪಸು ಬಂದೀತು. ಬಹುಶಃ ನಾನೇ ಮೊದಲು ಮಾತಾಡುವುದರಿಂದ ಹೀಗೆ ಎಂದು ಒಂದು ಶನಿವಾರ ತುಟಿ ಬಿಚ್ಚದೆ ಕೂತೆ. ಅವರೂ ಕೂತರು. ಬಿಸ್ಕತ್ತು ಮುಗಿಯಿತು, ಎದ್ದು ಹೋದರು. ಎದುರಿಗೆ ಹೇಳಲು ಸಂಕೋಚವೇನೋ ಎಂದು ಒಂದು ಪೆಟ್ಟಿಗೆ ಮಾಡಿಸಿ ಮೆಟ್ಟಿಲ ಪಕ್ಕ ಇಟ್ಟೆ, ಹೆಸರು ಹಾಕದೆ ಏನು ಬೇಕಾದರೂ ಬರೆದು ಹಾಕಿ ಎಂದೆ. ಬಿದ್ದ ಚೀಟಿಗಳಲ್ಲೆಲ್ಲ “ಎಲ್ಲ ಚೆನ್ನಾಗಿದೆ” ಎಂದಿತ್ತು. ಅಕ್ಷರ ಮಾತ್ರ ಒಬ್ಬೊಬ್ಬರದು ಒಂದೊಂದು ಥರ.

ಇನ್ನೂ ಹೊಟ್ಟೆ ಉರಿಯುವ ಸಂಗತಿ ಕೇಳಿ. ಮೀಟಿಂಗ್ ಮುಗಿದು ನಾನು ಕೆಳಗಿಳಿದು ಬಂದರೆ ಹಿತ್ತಲಲ್ಲಿ ವ್ಯಾನಿನ ಹತ್ತಿರ ಇದೇ ಜನ ಕೈ ಬೀಸಿಕೊಂಡು, ಒಬ್ಬರ ಮೇಲೊಬ್ಬರು ಬಿದ್ದು ವಾದ ಮಾಡುತ್ತಿರುತ್ತಾರೆ. ನನ್ನ ಚಪ್ಪಲಿ ಸದ್ದು ಕೇಳಿತೋ, ಎಲ್ಲ ಗಪ್ ಚುಪ್. ನಮ್ಮ ಗಾಳಿ ವ್ಯಾನಿನ ಚಕ್ರಕ್ಕೆ ಗಾಳಿ ಇದೆಯಾ ಎಂದು ಒದ್ದು ನೋಡುತ್ತಾನೆ.

ಮತ್ತೆ, ಆಸ್ಪತ್ರೆಯ ಬೆಡ್‌ಶೀಟುಗಳು ಆಗೀಗ ಸ್ವಲ್ಪ ತಡವಾಗುತ್ತಿವೆ. ದೊಡ್ಡ ವಿಷಯವೇನಲ್ಲ.

ನಿಮ್ಮ ಸೊಸೆ


ಫೆಬ್ರವರಿ 13

ಮುದ್ದು ಸೊಸೆಗೆ ಆಶೀರ್ವಾದ.

ಅಯ್ಯೋ ಹುಚ್ಚೀ, ಇದಕ್ಕೆ ಯಾರಾದರೂ ತಲೆ ಕೆಡಿಸಿಕೊಳ್ಳುತ್ತಾರಾ? ನಿನ್ನ ಅದೃಷ್ಟ ಎಂದುಕೋ. ನನ್ನ ಕಾಲದಲ್ಲಿ ಮೀಟಿಂಗ್ ಎಂದರೆ ಸಂತೆಯಾಗುತ್ತಿತ್ತು. ಇಸ್ತ್ರಿ ಅಕ್ಕ ಒಂದು ಸಲ ಬಾಯ್ಲರ್ ಅಣ್ಣನ ಮೇಲೆ ಒದ್ದೆ ಟವೆಲ್ ಎಸೆದಿದ್ದಳು. ಕಿವಿ ಕಿವುಡಾಗುವಷ್ಟು ಗಲಾಟೆ. ಕೊನೆಗೆ ನಾನು ಮೇಜು ಕುಟ್ಟಿ, “ಬಾಯಿ ಮುಚ್ಚಿ, ನಾನು ಹೇಳಿದ ಹಾಗೆ” ಎಂದರೆ ಮುಗಿಯಿತು. ಅಂಥವರು ನಿನ್ನ ಮುಂದೆ ತೆಪ್ಪಗಿದ್ದಾರೆ ಎಂದರೆ ನಿನ್ನ ಮೇಲೆ ಎಷ್ಟು ಮರ್ಯಾದೆ ಇರಬೇಕು! ಸುಮ್ಮನೆ ಕೆದಕಬೇಡ.

ಆ ಹಸಿರು ಪೆಟ್ಟಿಗೆ ಗಿಟ್ಟಿಗೆ ಎಲ್ಲ ಯಾಕೆ? ತೆಗೆದುಬಿಡು. ಜನ ಓಡಾಡುವ ಜಾಗದಲ್ಲಿ ಕಾಲಿಗೆ ತೊಡರುತ್ತದೆ.

ಆಸ್ಪತ್ರೆಯವರು ಹಾಗೇ, ತಡ ತಡ ಎನ್ನುತ್ತಿರುತ್ತಾರೆ. ಅಲ್ಲಿಯ ದೊಡ್ಡ ಸಿಸ್ಟರ್ ನನಗೆ ಹಳೆಯ ಪರಿಚಯ, ನಾನು ಬಂದ ಮೇಲೆ ಮಾತಾಡುತ್ತೇನೆ. ಅಲ್ಲಿಯವರೆಗೆ ಏನನ್ನೂ ಬದಲಾಯಿಸಲು ಹೋಗಬೇಡ. ನಡೆಯುತ್ತಿರುವುದು ನಡೆಯಲಿ.

ಹುಡುಗಿಗೆ ಒಂದು ಹಲ್ಲು ಬರುವ ಹಾಗಿದೆ. ಹುಡುಗ ಅದನ್ನು ನೋಡಿ ತಾನೂ ಬೆರಳು ಕಚ್ಚುತ್ತಾನೆ.

ನಿನ್ನ ಅತ್ತೆ


ಮಾರ್ಚ್ 2

ಪ್ರೀತಿಯ ಅತ್ತೆಗೆ,

ನಿಮ್ಮ ಕಾಗದ ತಲುಪಿತು. ಇಲ್ಲಿ ಎಲ್ಲ ಆರಾಮ. ನಿಮ್ಮ ಮಗನಿಗೆ ಸ್ವಲ್ಪ ನೆಗಡಿ. ಮಕ್ಕಳ ಫೋಟೋ ಕಳಿಸಿ.

ನಿಮ್ಮ ಸೊಸೆ


ಮಾರ್ಚ್ 9

ಸೊಸೆಗೆ ಆಶೀರ್ವಾದ.

ಇದೇನೇ ಇದು, ಕಾಗದವೋ ಬಸ್ ಟಿಕೆಟ್ಟೋ? ಮಳೆ ಸುರಿದ ಹಾಗೆ ಮಾತಾಡುವ ಹುಡುಗಿ ನಾಲ್ಕು ಸಾಲು ಬರೆದು ಕಳಿಸಿದರೆ ನನಗೆ ಅನ್ನ ಇಳಿಯುತ್ತದಾ? ಕೋಪ ನನ್ನ ಮೇಲೋ, ನನ್ನ ಮಗನ ಮೇಲೋ? ಮಗನ ಮೇಲಾದರೆ ಹೇಳು, ಇಲ್ಲಿಂದಲೇ ಕಿವಿ ಹಿಂಡುತ್ತೇನೆ.

ಆ ತ್ರಿಕೋನದ ವಿಷಯವಾದರೆ ನಾಚಿಕೊಳ್ಳಬೇಡ. ಕೆಲಸ ಎಂದ ಮೇಲೆ ಎಡವಟ್ಟು ಆಗುತ್ತದೆ. ಆದರೆ ನಿಜ ಹೇಳು, ನೀನು ಯಾಕೆ ಹಾಗೆ ಹೇಳಿದೆ? ಕೇಳಿದಾಗಿನಿಂದ ನನಗೆ ತಲೆಬುಡ ಅರ್ಥವಾಗುತ್ತಿಲ್ಲ. ಪೂರ್ತಿ ಬರಿ. ಇಲ್ಲವಾದರೆ ಎರಡೂ ಮಕ್ಕಳನ್ನು ಚೀಲಕ್ಕೆ ಹಾಕಿಕೊಂಡು ಬಂದುಬಿಡುತ್ತೇನೆ.

ನಿನ್ನ ಅತ್ತೆ


ಮಾರ್ಚ್ 15

ಅತ್ತೆಗೆ ನಮಸ್ಕಾರ.

ತ್ರಿಕೋನದ ವಿಷಯ ನಿಮಗೆ ಹೇಗೆ ಗೊತ್ತಾಯಿತು? ನಾನು ಬರೆದಿಲ್ಲ. ನಿಮ್ಮ ಮಗನಿಗೂ ಹೇಳಿರಲಿಲ್ಲ. ಆಮೇಲೆ ನಿಮ್ಮ ಹಳೆಯ ಕಾಗದ ತೆಗೆದು ನೋಡಿದೆ. ಪೆಟ್ಟಿಗೆಗೆ ಹಸಿರು ಬಣ್ಣ ಹೊಡೆಸಿದ್ದನ್ನೂ ನಾನು ಬರೆದಿರಲಿಲ್ಲ. ಅಂದರೆ ಅವರೆಲ್ಲ ನಿಮಗೆ ಫೋನ್ ಮಾಡುತ್ತಾರೆ. ನನ್ನ ಮುಂದೆ ಬಾಯಿಗೆ ಬೀಗ, ನಿಮ್ಮ ಹತ್ತಿರ ಎಲ್ಲ ವರದಿ. ಆಯಿತು. ಕೇಳಿದ್ದೀರಿ, ಪೂರ್ತಿ ಬರೆಯುತ್ತೇನೆ.

ಫೆಬ್ರವರಿ ಕೊನೆಯ ಶನಿವಾರ. ಆಸ್ಪತ್ರೆಯ ಬೆಡ್‌ಶೀಟು ಯಾಕೆ ತಡವಾಗುತ್ತಿದೆ, ಯಾಕೆ ಹಸಿಹಸಿಯಾಗಿ ಹೋಗುತ್ತಿದೆ ಎಂದು ಕೇಳಿ ಕೇಳಿ ನನ್ನ ಗಂಟಲು ಒಣಗಿತ್ತು. “ಇನ್ನು ಮೇಲೆ ಸರಿ ಮಾಡ್ತೀವಿ ಸಣ್ಣಮ್ಮ” ಎಂಬುದೊಂದೇ ಉತ್ತರ. ಏನು ಸರಿ ಮಾಡುತ್ತೀರಿ, ಹೇಗೆ ಮಾಡುತ್ತೀರಿ ಎಂದರೆ ಮತ್ತೆ ಫ್ಯಾನು. ನನಗೆ ರೇಗಿತು. “ಹಾಗಾದ್ರೆ ಸೋಮವಾರದಿಂದ ಬೆಡ್‌ಶೀಟೆಲ್ಲ ತ್ರಿಕೋನವಾಗಿ ಮಡಿಸೋಣ, ಸರಿನಾ?” ಎಂದೆ. ನಗಲಿ, ಬೈಯಲಿ, “ನಿಮಗೆ ತಲೆ ಕೆಟ್ಟಿದೆಯಾ” ಎನ್ನಲಿ ಎಂದು ಹೇಳಿದ್ದು ಅತ್ತೆ! ಇಸ್ತ್ರಿ ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿದಳು. “ಆಯ್ತು ಸಣ್ಣಮ್ಮ” ಎಂದಳು.

ಸೋಮವಾರ ನಾನು ಹೊಸ ಸೋಪಿನ ಪುಡಿ ನೋಡಲು ಹೊರಗೆ ಹೋಗಿದ್ದೆ. ಬರುವಷ್ಟರಲ್ಲಿ ಇಡೀ ಆಸ್ಪತ್ರೆಯ ಬೆಡ್‌ಶೀಟು ತ್ರಿಕೋನವಾಗಿ ಮಡಿಸಿ, ವ್ಯಾನಿಗೆ ತುಂಬಿ, ಕೊಟ್ಟೂ ಬಂದಿದ್ದರು. ಆಸ್ಪತ್ರೆಯ ಕಪಾಟಿನಲ್ಲಿ ಅವು ಒಂದರ ಮೇಲೊಂದು ನಿಲ್ಲುವುದಿಲ್ಲ, ಜಾರುತ್ತವೆ. ದೊಡ್ಡ ಸಿಸ್ಟರ್ ಬಾಗಿಲು ತೆರೆದರಂತೆ, ಎಲ್ಲವೂ ಅವರ ತಲೆಯ ಮೇಲೆ ಬಂತಂತೆ. ನನ್ನನ್ನು ಕರೆಸಿದರು. ಹಸಿ ಬಟ್ಟೆ, ತಡವಾದ ಬಟ್ಟೆ, ಈಗ ಈ ಹುಡುಗಾಟ, ಏಪ್ರಿಲ್ ಮುಗಿಯುವುದರೊಳಗೆ ನೆಟ್ಟಗಾಗದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದರು. ಆಸ್ಪತ್ರೆ ಹೋದರೆ ನಮ್ಮಲ್ಲಿ ಅರ್ಧ ಜನರಿಗೆ ಕೆಲಸವಿರುವುದಿಲ್ಲ. ಇದನ್ನು ನಿಮ್ಮಿಂದ ಮುಚ್ಚಿಟ್ಟಿದ್ದೆ. ದೂರದಲ್ಲಿ ಕೂತು ನೀವು ಕೊರಗುವುದು ಬೇಡವೆಂದು.

ನನಗೆ ಅರ್ಥವಾಗಿದೆ. ಅವರು ನನ್ನನ್ನು ಒಬ್ಬ ಮನುಷ್ಯಳೆಂದೂ ಲೆಕ್ಕಕ್ಕೆ ಇಟ್ಟಿಲ್ಲ. ನೀವು ಬರುವವರೆಗೆ ಈ ಪೆದ್ದಿಯನ್ನು ಹೇಗೋ ಸಹಿಸಿಕೊಳ್ಳೋಣ ಎಂದು ಸುಮ್ಮನಿದ್ದಾರೆ. ಅತ್ತೆ, ನನ್ನ ಕೈಲಿ ಇದಾಗುವುದಿಲ್ಲ. ನೀವು ಬಂದುಬಿಡಿ. ನಾನು ಮನೆಯಲ್ಲಿರುತ್ತೇನೆ.

ನಿಮ್ಮ ಸೊಸೆ


ಮಾರ್ಚ್ 22

ನನ್ನ ಮಗಳಂಥ ಸೊಸೆಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ತ್ರಿಕೋನಗಳು ಸಿಸ್ಟರ್ ತಲೆಯ ಮೇಲೆ ಬಿದ್ದಲ್ಲಿಗೆ ಬಂದು ನಕ್ಕುಬಿಟ್ಟೆ, ಕ್ಷಮಿಸು. ಎರಡನೆಯ ಸಲ ಕೊನೆಯ ಸಾಲುಗಳಿಗೆ ಬಂದಾಗ ಕಣ್ಣಲ್ಲಿ ನೀರು ಬಂತು. ಮಗಳು ಹೆದರಿ ಯಾರಿಗೇನಾಯಿತು ಎಂದು ಕೇಳಿದಳು. ನನ್ನ ಬುದ್ಧಿಗೆ ಏನೋ ಆಗಿದೆ ಎಂದೆ.

ಈಗ ಕೇಳು. ಅವರು ನಿನ್ನನ್ನು ಲೆಕ್ಕಕ್ಕೆ ಇಡದೆ ಸುಮ್ಮನಿರುವುದಲ್ಲ. ಸುಮ್ಮನಿರಿ ಎಂದು ನಾನೇ ಹೇಳಿ ಬಂದಿದ್ದೇನೆ.

ಹೊರಡುವ ಹಿಂದಿನ ದಿನ ನೀನು ನನ್ನ ಪೆಟ್ಟಿಗೆ ಜೋಡಿಸುತ್ತಿದ್ದೆಯಲ್ಲ, ಆಗ ಅವರನ್ನೆಲ್ಲ ಮಡಿಸುವ ಮೇಜಿನ ಹತ್ತಿರ ಕರೆದೆ. “ನನ್ನ ಸೊಸೆ ಮೆತ್ತನೆಯವಳು. ನನ್ನ ಹತ್ರ ಕಿತ್ತಾಡೋ ಹಾಗೆ ಅವಳ ಹತ್ರ ಕಿತ್ತಾಡಬೇಡಿ. ಅವಳು ಏನ್ ಹೇಳಿದ್ರೂ ಆಯ್ತು ಅನ್ನಿ. ಎದುರಾಡಲ್ಲ ಅಂತ ಮಾತು ಕೊಡಿ” ಎಂದೆ. ಒಬ್ಬೊಬ್ಬರ ಹತ್ತಿರವೂ ಕೈಮೇಲೆ ಕೈ ಇಡಿಸಿಕೊಂಡೆ. ಇಸ್ತ್ರಿ ಅಕ್ಕ ಮಾತ್ರ, “ದೊಡ್ಡಮ್ಮ, ತಪ್ಪು ಮಾಡಿದ್ರೂ ಆಯ್ತು ಅನ್ನಬೇಕಾ?” ಎಂದು ಕೇಳಿದಳು. “ಅನ್ನು” ಎಂದೆ. ಅವಳು ಮಾತಿಗೆ ತಪ್ಪುವವಳಲ್ಲ, ನಿನಗೇ ಗೊತ್ತು. ಆ ತ್ರಿಕೋನ ಮಡಿಸುವಾಗ ಅವಳಿಗೆ ಎಷ್ಟು ಸಂಕಟವಾಗಿರಬೇಕು ಯೋಚಿಸು.

ಫೋನಿನ ಮಾತೂ ನಿಜ. ಸಂಜೆಯಾದರೆ ಒಬ್ಬರಲ್ಲ ಒಬ್ಬರು ಮಾಡುತ್ತಾರೆ. ಹೇಳಲಿಕ್ಕೆ ಬರುವವರಿಗೆಲ್ಲ “ಅವಳ ತಲೆ ತಿನ್ನಬೇಡಿ, ನಾನು ಬಂದು ನೋಡ್ತೀನಿ” ಎಂದು ಕಳಿಸಿದೆ. ನಿನ್ನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ ಕಣೇ. ಇನ್ನೊಂದೂ ಹೇಳಿಬಿಡುತ್ತೇನೆ, ಆ ಫೋನು ಬಂದಾಗ ನನಗೆ ಖುಷಿಯಾಗುತ್ತಿತ್ತು. ಇನ್ನೂ ನನ್ನನ್ನು ಕೇಳುತ್ತಾರಲ್ಲ ಎಂದು. ಆಸ್ಪತ್ರೆಯ ಗಡುವಿನ ವಿಷಯ ಅವರೂ ಹೇಳಲಿಲ್ಲ, ನೀನೂ ಹೇಳಲಿಲ್ಲ. ಎಲ್ಲರೂ ಸೇರಿ ನನ್ನನ್ನು ಕಾಪಾಡಿದಿರಿ.

ಇದರ ಜೊತೆ ಒಂದು ಚೀಟಿ ಇಟ್ಟಿದ್ದೇನೆ. ಮೀಟಿಂಗಿನಲ್ಲಿ ಗಟ್ಟಿಯಾಗಿ ಓದು. ನಾನು ಈಗ ಬರುವುದಿಲ್ಲ. ಬಂದರೆ ಮತ್ತೆ ಮೇಜು ಕುಟ್ಟುತ್ತೇನೆ. ಇನ್ನು ಯಾರು ಫೋನ್ ಮಾಡಿದರೂ ಮಕ್ಕಳ ಬಾಯಿಗೆ ಕೊಡುತ್ತೇನೆ, ಅವರ ಹತ್ತಿರ ಮಾತಾಡಿಕೊಳ್ಳಲಿ.

ನೀನು ಮನೆಯಲ್ಲಿ ಕೂರುವ ಮಾತು ಇನ್ನೊಂದು ಸಲ ಎತ್ತಿದರೆ ನೋಡು.

ನಿನ್ನ ಅತ್ತೆ


ಏಪ್ರಿಲ್ 6

ಪ್ರೀತಿಯ ಅತ್ತೆಗೆ,

ನಿನ್ನೆ ಮೀಟಿಂಗಿನಲ್ಲಿ ನನ್ನನ್ನು ಮೂರು ಜನ ಬೈದರು. ಎಷ್ಟು ಸಂತೋಷವಾಗಿದೆ ಎಂದರೆ ಬರೆಯಲು ಕೈ ನಿಲ್ಲುತ್ತಿಲ್ಲ!

ನಿಮ್ಮ ಮೇಲೆ ಮೊದಲು ಕೋಪ ಬಂದಿತ್ತು, ಸುಳ್ಳೇಕೆ ಹೇಳಲಿ. ಎರಡು ದಿನ ನಿಮ್ಮ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ನಿಮ್ಮ ಮಗನ ಮೇಲೆ ಸಿಡುಕಿದೆ. ಅವರು ಪೂರ್ತಿ ಓದಿ, “ನಮ್ಮಮ್ಮ ನನ್ನ ಶಾಲೆ ಹೆಡ್‌ಮಾಸ್ಟರಿಗೂ ಹೀಗೇ ಹೇಳಿ ಬಂದಿದ್ರು, ಇವನಿಗೆ ಬೈಯಬೇಡಿ ಅಂತ” ಎಂದರು. ಆಮೇಲೆ ನಗು ಬಂತು.

ಶನಿವಾರ ನಿಮ್ಮ ಚೀಟಿ ಓದಿದೆ. “ನೀವು ಕೊಟ್ಟ ಮಾತನ್ನು ವಾಪಸು ಕೊಟ್ಟಿದ್ದೇನೆ. ಈಗ ಪ್ರತಿಯೊಬ್ಬರೂ ನನ್ನ ಮೇಲೆ ಒಂದೊಂದು ದೂರು ಹೇಳಬೇಕು. ಹೇಳದವರಿಗೆ ನಾನು ಬಂದ ಮೇಲೆ ಇದೆ.” ಓದಿ ಮುಗಿಸಿದೆ. ಬಾಯ್ಲರ್ ಅಣ್ಣ ಫ್ಯಾನು ನೋಡಿದ. ಕುರ್ಚಿಗಳು ಸಾಲಾಗಿ, ಎಲ್ಲರೂ ಡಾಕ್ಟರಿಗೆ ಕಾಯುವವರ ಥರ ಕೈಕಟ್ಟಿ ಕೂತಿದ್ದರು. ನನಗೆ ಏನನ್ನಿಸಿತೋ, “ಬನ್ನಿ ಕೆಳಗೆ” ಎಂದು ಎದ್ದೆ. ಮಡಿಸುವ ಮೇಜಿನ ಹತ್ತಿರ ಹೋಗಿ ರಾಶಿಯಿಂದ ಒಂದು ಬೆಡ್‌ಶೀಟು ಎಳೆದು ಒಂದು ತುದಿ ಹಿಡಿದೆ. ಇನ್ನೊಂದು ತುದಿಯನ್ನು ಇಸ್ತ್ರಿ ಅಕ್ಕ ತಾನಾಗಿಯೇ ಹಿಡಿದಳು, ಅವಳ ಕೈಗೆ ಅಭ್ಯಾಸವಲ್ಲವೇ. ಇಬ್ಬರೂ ಎಳೆದೆವು, ಮಡಿಸಿದೆವು, ಮೂಲೆಗೆ ಮೂಲೆ ಸೇರಿಸಲು ಎದುರುಬದುರು ಬಂದೆವು. ಅವಳು ನನ್ನ ಕೈ ನೋಡಿದಳು. ತಡೆದುಕೊಂಡಳು. ತಡೆಯಲಾಗಲಿಲ್ಲ.

“ಸಣ್ಣಮ್ಮ, ಹಾಗೆ ಹಿಡಿದ್ರೆ ಈ ಜನ್ಮದಲ್ಲಿ ಮಡಿಕೆ ನೆಟ್ಟಗೆ ಬರಲ್ಲ. ಬಿಡಿ ಈ ಕಡೆ!”

ಅತ್ತೆ, ಅವಳನ್ನು ಅಲ್ಲೇ ತಬ್ಬಿಕೊಳ್ಳಬೇಕು ಅನ್ನಿಸಿತು. “ಮತ್ತೆ ಹೇಗೆ ಹಿಡೀಬೇಕು?” ಎಂದೆ. ಹೇಳಿಕೊಟ್ಟಳು. ಎರಡನೆಯ ಬೆಡ್‌ಶೀಟಿಗೆ, “ಆ ಕುರ್ಚಿ ಮೇಲೆ ಕೂತ್ರೆ ನಂಗೆ ಸೊಂಟ ಹಿಡಿಯುತ್ತೆ” ಎಂದಳು. ಮೂರನೆಯದಕ್ಕೆ, “ಆ ತ್ರಿಕೋನ ಮಡಿಸಿದ ದಿನ ಮನೆಗೆ ಹೋಗಿ ಕಣ್ಣೀರು ಹಾಕ್ದೆ ನಾನು” ಎಂದಳು. ಅಷ್ಟರಲ್ಲಿ ಬಾಯ್ಲರ್ ಅಣ್ಣನೂ ಗಾಳಿಯೂ ಇನ್ನೊಂದು ಬೆಡ್‌ಶೀಟು ಹಿಡಿದಿದ್ದರು. ಮಡಿಸುವಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರಬೇಕಿಲ್ಲ, ಕೈಗೆ ಕೆಲಸವಿರುತ್ತದೆ, ಮಾತು ತಾನೇ ಬರುತ್ತದೆ. ನೀವು ಯಾಕೆ ಅಲ್ಲೇ ನಿಲ್ಲಿಸುತ್ತಿದ್ದಿರಿ ಎಂದು ಈಗ ತಿಳಿಯಿತು.

ಗಾಳಿ ಶುರುಮಾಡಿದ. “ಬಾಯ್ಲರ್ ಬೇಗ ಹೊತ್ತಿಸಿದ್ರೆ ನಾನ್ಯಾಕೆ ಆಸ್ಪತ್ರೆಗೆ ತಡವಾಗಿ ಹೋಗ್ತೀನಿ?”

“ಬೇಗ ಹೊತ್ತಿಸಿ ಏನ್ ಮಾಡ್ಲಿ, ಬೆಂಕಿ ಕಾಯಿಸಿಕೊಳ್ಳಲಾ? ಇಸ್ತ್ರಿ ರೋಲರಿಗೆ ಮೊದಲು ಹೋಗೋದು ಹೋಟೆಲ್ ಬಟ್ಟೆ. ಆಸ್ಪತ್ರೆದು ಕೊನೆಗೆ. ಅವಸರದಲ್ಲಿ ಎಳೆದುಹಾಕಿದ್ರೆ ಹಸಿ ಇರದೆ ಇನ್ನೇನಿರುತ್ತೆ?” ಎಂದ ಬಾಯ್ಲರ್ ಅಣ್ಣ.

ತಟಕ್ಕನೆ ಎಲ್ಲರೂ ಹೇಳಬಾರದ್ದನ್ನು ಹೇಳಿದವರ ಹಾಗೆ ತಲೆ ತಗ್ಗಿಸಿದರು. ನಾನು ಕೇಳಿದೆ, “ಹೋಟೆಲ್ದು ಯಾಕೆ ಮೊದಲು?” ಇಸ್ತ್ರಿ ಅಕ್ಕ ಮೆಲ್ಲಗೆ, “ಅದು ದೊಡ್ಡಮ್ಮನ ಮಾತು. ನಿಮ್ಮ ಮಾವನವರು ತೀರಿಹೋದ ಮೇಲೆ ಯಾರೂ ನಂಬದೇ ಇದ್ದಾಗ ಮೊದಲ ಗಂಟು ಬಟ್ಟೆ ಕೊಟ್ಟೋರು ಆ ಹೋಟೆಲ್ ಯಜಮಾನರು. ಅವರದ್ದು ಯಾವತ್ತೂ ಮೊದಲು ಅಂದಿದ್ದಾರೆ” ಎಂದಳು. ಆಮೇಲೆ ಗಾಳಿ, “ಅವರು ಮಧ್ಯಾಹ್ನದವರೆಗೂ ಆ ಗಂಟು ಬಿಚ್ಚಲ್ಲ ಸಣ್ಣಮ್ಮ. ನಾನು ದಿನಾ ನೋಡ್ತೀನಿ. ಆದ್ರೆ ದೊಡ್ಡಮ್ಮನ ಋಣದ ವಿಷಯ, ನಾನ್ಹೇಗೆ ಬಾಯಿ ಬಿಡಲಿ?” ಎಂದ.

ಇಷ್ಟೇ ಅತ್ತೆ. ಇಷ್ಟು ತಿಂಗಳು ನಾನು ಹುಡುಕಿದ್ದು ಇಷ್ಟೇ. ಆಮೇಲೆ ಜಗಳವೋ ಜಗಳ, ಬಾಯ್ಲರ್ ಅಣ್ಣ, ಗಾಳಿ ನನ್ನನ್ನೂ ಬಿಡಲಿಲ್ಲ. ಬಾಯ್ಲರ್ ಅಣ್ಣನ ಮೇಲೆ ಟವೆಲ್ ಬಿತ್ತು. ಎಲ್ಲರ ಮಾತು ಮುಗಿದ ಮೇಲೆ ನಾನು ಹೇಳಿದೆ, ಸೋಮವಾರದಿಂದ ಆಸ್ಪತ್ರೆಯದು ಮೊದಲು, ಹೋಟೆಲಿನದು ಆಮೇಲೆ ಎಂದು. ನಿಮ್ಮನ್ನು ಕೇಳದೆ ಹೇಳಿದೆ. ಕೇಳಿ ಉತ್ತರ ಬರುವಷ್ಟು ದಿನ ಕೈಯಲ್ಲಿಲ್ಲ. ಅದು ನಿಮಗೆ ಏನೆಂದು ಗೊತ್ತಿದ್ದೂ ಹೇಳಿದೆ. ನಿಮ್ಮ ಮಾತಿಗಾಗಿ ಕಾಯುತ್ತಿರುತ್ತೇನೆ.

ನಿಮ್ಮ ಸೊಸೆ


ಏಪ್ರಿಲ್ 16

ಪ್ರೀತಿಯ ಅತ್ತೆಗೆ,

ನನ್ನ ಕಾಗದ ತಲುಪಿತೇ? ಬೆಡ್‌ಶೀಟುಗಳು ಹೊತ್ತಿಗೆ ಸರಿಯಾಗಿ, ಗರಿಗರಿಯಾಗಿ ಹೋಗುತ್ತಿವೆ. ನಾದಿನಿಗೆ ಫೋನ್ ಮಾಡಿದರೆ “ಅಮ್ಮ ಮಕ್ಕಳಿಗೆ ಸ್ನಾನ ಮಾಡಿಸ್ತಿದ್ದಾರೆ” ಎಂದಳು. ಎರಡು ಸಲ ಮಾಡಿದರೂ ಸ್ನಾನವೇ ನಡೆಯುತ್ತಿತ್ತು.

ನಿಮ್ಮ ಸೊಸೆ


ಏಪ್ರಿಲ್ 24

ಪ್ರೀತಿಯ ಅತ್ತೆಗೆ,

ಇವತ್ತು ದೊಡ್ಡ ಸಿಸ್ಟರ್ ಕರೆದು, ಕೆಲಸ ನಿಮ್ಮ ಹತ್ತಿರವೇ ಇರಲಿ ಎಂದರು. ಎಲ್ಲರೂ ಕುಣಿದರು. ಗಾಳಿ ವ್ಯಾನಿನ ಹಾರನ್ ಒತ್ತಿಕೊಂಡೇ ಹಿತ್ತಲಿಗೆ ಬಂದ. ನನಗೆ ಮಾತ್ರ ಕುಣಿಯಲು ಆಗಲಿಲ್ಲ.

ನಿಮಗೆ ನೋವಾಗಿದೆ. ನನಗೆ ಗೊತ್ತು. ಬೈಯಿರಿ, ಸಹಿಸುತ್ತೇನೆ. ಆದರೆ ಮಾಡಿದ್ದು ತಪ್ಪೆಂದು ಮಾತ್ರ ನಾನು ಹೇಳಲಾರೆ. ಸುಮ್ಮನಿರುವುದು ಬೇಡ ಅತ್ತೆ. ಮೂರು ತಿಂಗಳು ಸುಮ್ಮನಿರುವವರ ಮುಂದೆ ಕೂತು ನನಗೆ ಸಾಕಾಗಿ ಹೋಗಿದೆ. ಅದರಲ್ಲೂ ನಿಮ್ಮದನ್ನು ತಡೆದುಕೊಳ್ಳಲು ನನ್ನ ಕೈಲಾಗುವುದಿಲ್ಲ.

ನಿಮ್ಮ ಸೊಸೆ


ಏಪ್ರಿಲ್ 29

ನನ್ನ ಗಟ್ಟಿಗಿತ್ತಿ ಸೊಸೆಗೆ ಆಶೀರ್ವಾದಗಳು.

ಹೌದು, ಕೋಪ ಬಂದಿತ್ತು. ಮಕ್ಕಳಿಗೆ ಸ್ನಾನ ಮಾಡಿಸುತ್ತಿದ್ದುದೂ ಸುಳ್ಳು. ಕೇಳದೆ ಹೇಗೆ ಮಾಡಿದಳು ಎಂದು ನಾಲ್ಕು ದಿನ ಉರಿದೆ. ಮಗಳ ಮನೆಯ ಬೆಡ್‌ಶೀಟನ್ನೆಲ್ಲ ತೆಗೆದು ಮತ್ತೆ ಮತ್ತೆ ಮಡಿಸಿದೆ. ಅಳಿಯಂದಿರು ನನ್ನ ದಾರಿಗೆ ಅಡ್ಡ ಬರಲಿಲ್ಲ. ಆ ಮೊದಲ ಗಂಟು ಬಟ್ಟೆ ಬಂದ ದಿನ ನಿನ್ನ ಗಂಡ ಇನ್ನೂ ಚಿಕ್ಕವನು, ಮನೆಯಲ್ಲಿ ಇದ್ದದ್ದು ಒಂದು ತೊಟ್ಟಿ, ನನ್ನ ಎರಡು ಕೈ. ಅದನ್ನು ನಾನು ಮರೆಯಲಾರೆ. ನೀವೆಲ್ಲ ಸೇರಿ ಮರೆಸುತ್ತಿದ್ದೀರಿ ಅನ್ನಿಸಿತು.

ಕೋಪ ಇಳಿದ ಮೇಲೆ ಹೋಟೆಲ್ ಯಜಮಾನರಿಗೆ ಕಾಗದ ಬರೆದೆ. ಇಷ್ಟು ವರ್ಷ ನಿಮ್ಮದೇ ಮೊದಲು ಎಂದು ನಡೆಸಿಕೊಂಡು ಬಂದೆ, ಈಗ ನನ್ನ ಸೊಸೆ ಆಸ್ಪತ್ರೆಯದನ್ನು ಮುಂದೆ ಮಾಡಿದ್ದಾಳೆ, ನೀವು ಒಪ್ಪಿ ಮನಸ್ಸಿನಿಂದ ಹೂಂ ಎನ್ನಬೇಕು ಎಂದು. ಅವರ ಉತ್ತರಕ್ಕೇ ಕಾಯುತ್ತಿದ್ದೆ, ಅದಕ್ಕೇ ನಿನಗೆ ಬರೆಯಲಿಲ್ಲ. ನಿನ್ನೆ ಬಂತು. ಅವರು ಬರೆದದ್ದನ್ನು ಹಾಗೇ ಇಳಿಸುತ್ತೇನೆ, ಕೂತುಕೊಂಡು ಓದು:

“ಅಮ್ಮಾ, ದೊಡ್ಡ ಉಪಕಾರ ಮಾಡಿದಿರಿ. ನಮ್ಮಲ್ಲಿಗೆ ಬಂದು ಉಳಿಯುವವರು ಏಳುವುದೇ ಹತ್ತು ಗಂಟೆಗೆ. ನಿಮ್ಮ ಗಂಟು ಮುಂಜಾನೆಯೇ ಬಂದರೆ ಇಡಲು ಜಾಗವಿಲ್ಲದೆ ಕಾರಿಡಾರಿನಲ್ಲಿ ಇಡುತ್ತಿದ್ದೆವು. ನಾನೇ ಎಷ್ಟೋ ಸಲ ಎಡವಿ ಬಿದ್ದಿದ್ದೇನೆ. ಅಷ್ಟು ಪ್ರೀತಿಯಿಂದ ಮೊದಲು ಕಳಿಸುತ್ತಾರಲ್ಲ, ಬೇಡವೆಂದು ಹೇಗೆ ಹೇಳುವುದು ಎಂದು ಸುಮ್ಮನಿದ್ದೆ.”

ಓದಿ ಮಗುವನ್ನು ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟೆ. ನಕ್ಕೆನೋ ಅತ್ತೆನೋ ಗೊತ್ತಿಲ್ಲ, ಎರಡೂ ಮಕ್ಕಳು ನನ್ನ ಜೊತೆ ಸೇರಿಕೊಂಡವು. ಅಷ್ಟು ವರ್ಷ ನಾನು ಋಣ ತೀರಿಸಿದೆ, ಆತ ಎಡವಿ ಬಿದ್ದ!

ನೀನು ಮಾಡಿದ್ದು ಸರಿ ಕಣೇ. ಕೇಳದೆ ಮಾಡಿದ್ದೂ ಸರಿ. ಕೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆ.

ಮುಂದಿನ ತಿಂಗಳು ಬರುತ್ತೇನೆ. ಶನಿವಾರ ಮಡಿಸುವ ಮೇಜಿನ ತುದಿಯಲ್ಲಿ ನನಗೊಂದು ಜಾಗ ಬಿಡು. ಬೆಡ್‌ಶೀಟು ಹಿಡಿದುಕೊಂಡು ನಿಂತಿರುತ್ತೇನೆ. ಎಲ್ಲರೂ ಮಾತಾಡಿದ ಮೇಲೆ, ಕೊನೆಗೆ, ನೀನು ಕೇಳಿದರೆ ಮಾತ್ರ ಬಾಯಿ ತೆಗೆಯುತ್ತೇನೆ. ಅದಕ್ಕೂ ಮೊದಲು ತೆಗೆದರೆ ಇಸ್ತ್ರಿ ಅಕ್ಕನಿಗೆ ಹೇಳು, ಟವೆಲ್ ಎಸೆಯಲಿ.

ಇಷ್ಟೆಲ್ಲ ಆದ ಮೇಲೆ ನಾನೂ ಒಂದು ವಿಷಯ ಹೊಟ್ಟೆಯಲ್ಲಿಟ್ಟುಕೊಳ್ಳುವುದು ಸರಿಯಲ್ಲ. ಬೇಜಾರು ಮಾಡಿಕೊಳ್ಳಬೇಡ. ನೀನು ಮಾಡುವ ಚಹಾ ನನಗೆ ಸಿಹಿ ಜಾಸ್ತಿ. ನೀನು ಮದುವೆಯಾಗಿ ಬಂದ ಮರುದಿನ ಅಷ್ಟು ಆಸೆಯಿಂದ ತಂದುಕೊಟ್ಟೆ, ಚೆನ್ನಾಗಿದೆ ಎಂದುಬಿಟ್ಟೆ. ಆಮೇಲೆ ಹೇಳಲು ಬಾಯಿ ಬರಲಿಲ್ಲ. ಏಳು ವರ್ಷ ಕುಡಿದೆ. ಇಲ್ಲಿ ಸಕ್ಕರೆಯಿಲ್ಲದ ಚಹಾ ಕುಡಿದು ಸುಖವಾಗಿದ್ದೇನೆ.

ನಿನ್ನ ಅತ್ತೆ


ಮೇ 7

ಪ್ರೀತಿಯ ಅತ್ತೆಗೆ,

ನಿಮ್ಮ ಕಾಗದವನ್ನು ಮಡಿಸುವ ಮೇಜಿನ ಹತ್ತಿರ ಓದಿದೆ. ಹೋಟೆಲ್ ಯಜಮಾನರ ಮಾತಿಗೆ ಬಂದಾಗ ಗಾಳಿ ನಕ್ಕು ನಕ್ಕು ಬಟ್ಟೆಯ ರಾಶಿಗೆ ಬಿದ್ದ. “ನಾನ್ ಹೇಳ್ಲಿಲ್ವಾ?” ಎಂದ. “ಇಷ್ಟು ವರ್ಷ ಎಲ್ಲಿ ಹೇಳಿದ್ದೆ ನೀನು?” ಎಂದು ಎಲ್ಲರೂ ಅವನ ಮೇಲೆ ಬಿದ್ದರು. ನಿಮ್ಮ ಜಾಗ ಇಸ್ತ್ರಿ ಅಕ್ಕನ ಎದುರು ತುದಿ, ಅವಳೇ ಆರಿಸಿದ್ದು. ಟವೆಲನ್ನೂ ತೆಗೆದಿಟ್ಟಿದ್ದಾಳೆ.

ಕೊನೆಯ ಭಾಗವನ್ನು ಅವರಿಗೆ ಓದಲಿಲ್ಲ. ಮನೆಗೆ ತಂದು ಅಡುಗೆಮನೆಯಲ್ಲಿ ನಿಂತು ಓದಿದೆ.

ಅತ್ತೆ, ಆ ಮೊದಲ ದಿನ ಕೈ ತಪ್ಪಿ ಸಕ್ಕರೆ ಜಾಸ್ತಿ ಬಿದ್ದಿತ್ತು. ಬೈಗುಳ ತಿನ್ನಲು ತಯಾರಾಗಿ ನಿಂತಿದ್ದೆ. ನೀವು ಚೆನ್ನಾಗಿದೆ ಎಂದಿರಿ. ನಿಮಗೆ ಸಿಹಿ ಇಷ್ಟ ಎಂದುಕೊಂಡು ಅವತ್ತಿನಿಂದ ಅಷ್ಟೇ ಹಾಕುತ್ತಾ ಬಂದೆ. ಬೇರೆ ಬೇರೆ ಮಾಡಿದರೆ ನೀವು ಏನಾದರೂ ಅಂದುಕೊಳ್ಳುತ್ತೀರೇನೋ ಎಂದು ನನಗೂ ಅದನ್ನೇ ಬಗ್ಗಿಸಿಕೊಂಡೆ.

ನನಗೂ ಸಿಹಿ ಸೇರುವುದಿಲ್ಲ ಅತ್ತೆ. ಬೇಗ ಬನ್ನಿ. ಇಬ್ಬರೂ ಕೂತು ಒಂದು ಒಳ್ಳೆಯ ಚಹಾ ಕುಡಿಯೋಣ.

ನಿಮ್ಮ ಸೊಸೆ